ನಲವತ್ತೆಂಟನೆಯ ಅರ್ಥ

ಮಾನ್ಯ ಅಧ್ಯಕ್ಷರೂ ನಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿಯೂ ಆದ ಝೋಂಗ್ ಯೀಲಿಂಗ್ ಅವರೇ, ಕೌಂಟಿಯ ಶಿಕ್ಷಣಾಧಿಕಾರಿಗಳೇ, ಸಹೋದ್ಯೋಗಿಗಳೇ, ಮಕ್ಕಳೇ, ಸಭಿಕರೇ,

ನಿವೃತ್ತಿಯ ದಿನಕ್ಕೆಂದು ಬರೆದು ತಂದ ಭಾಷಣ ನನ್ನ ಚೀಲದಲ್ಲೇ ಇದೆ. ಅದನ್ನು ಓದಲು ಈಗ ನನ್ನಿಂದಾಗದು.

'ಟೇಕ್' ಎಂಬ ಒಂದೇ ಇಂಗ್ಲಿಷ್ ಕ್ರಿಯಾಪದದ ನಲವತ್ತೆಂಟು ಅರ್ಥಗಳನ್ನು ಮಕ್ಕಳು ಈಗ ತಾನೇ ಒಂದೇ ಉಸಿರಿಗೆ ಒಪ್ಪಿಸಿದರು. ನೀವು ಚಪ್ಪಾಳೆ ತಟ್ಟಿದಿರಿ. ಮೂವತ್ತೈದು ವರ್ಷಗಳಿಂದ ಇಲ್ಲಿ ಬೆಳಗಾಗುವುದೇ ಆ ಪಟ್ಟಿಯಿಂದ. ಅದನ್ನು ಮಾಡಿದವಳು ನಾನು. ನಿಘಂಟಿನಲ್ಲಿ ನನಗೆ ಸಿಕ್ಕಿದ್ದು ಎಷ್ಟು ಗೊತ್ತೇ? ನಲವತ್ತೇಳು. ಮದುವೆಯ ದಿನದಿಂದ ಫೋನ್ ನಂಬರಿನವರೆಗೆ ಶುಭವೆಂದು ಎಂಟನ್ನೇ ಹುಡುಕುವ ಜನ ನಾವು ಚೀನೀಯರು. ಪರೀಕ್ಷೆಗೆ ಹೊರಟ ಮಕ್ಕಳ ಕೈಗೆ ಏಳನ್ನು ಹೇಗೆ ಕೊಡಲಿ? ಕಿಟಕಿಯಾಚೆ ಅಮ್ಮ ಎಲೆಕೋಸು ಒಣಹಾಕುತ್ತಿದ್ದಳು. 'ಒಣಗಿಸು' ಎಂದು ಬರೆದು ಪಟ್ಟಿ ಮುಗಿಸಿದೆ. ನಗಿ, ಪರವಾಗಿಲ್ಲ. ಅಂದು ನಾನೂ ನಕ್ಕಿದ್ದೆ.

ಅನುಮಾನ ಬಂದದ್ದು ಕೇ ಶೂಲಾನ್ ಎಂಬ ಹುಡುಗಿಗೆ ಮಾತ್ರ. ಎದ್ದು ನಿಂತು, "ಟೀಚರ್, ಇದು ಡಿಕ್ಷನರೀಲಿ ಇಲ್ವಲ್ಲಾ" ಎಂದಳು.

"ಡಿಕ್ಷನರಿ ಬರ್ದೋರು ನಿನ್ನ ಪೇಪರ್ ತಿದ್ದಲ್ಲ ಕಣೇ, ನಾನು ತಿದ್ದೋದು" ಎಂದೆ.

ಪರೀಕ್ಷೆಯಲ್ಲಿ ನಲವತ್ತೆಂಟನೆಯ ಅರ್ಥ ಕೇಳಿದ ಪ್ರಶ್ನೆಗೆ ಅವಳು 'ಇಂಥ ಅರ್ಥವಿಲ್ಲ' ಎಂದು ಬರೆದಳು. ಒಂದು ಅಂಕ ಕಳೆದೆ. ಆ ವರ್ಷ ಶಿಕ್ಷಕರ ತರಬೇತಿ ಕಾಲೇಜಿಗೆ ನಮ್ಮ ಶಾಲೆಯಿಂದ ಒಬ್ಬರನ್ನಷ್ಟೇ ಕಳಿಸುವುದಿತ್ತು. 'ಒಣಗಿಸು' ಎಂದು ಬರೆದ ಹುಡುಗಿ ಅರ್ಧ ಅಂಕದಿಂದ ಮುಂದಾಗಿ ಹೋದಳು. ಶೂಲಾನ್‌ಗೆ ಇದು ಇವತ್ತಿನವರೆಗೆ ಗೊತ್ತಿರಲಿಲ್ಲ. ನನಗೆ ಅಂದೇ ಗೊತ್ತಿತ್ತು. ಹೌದು ಸಭಿಕರೇ, ಅಂದೇ ಗೊತ್ತಿತ್ತು.

ಬಸ್ ನಿಲ್ದಾಣದಲ್ಲಿ ನೂಡಲ್ಸ್ ಅಂಗಡಿ ಇಟ್ಟಿರುವ ಅವಳು ಅರ್ಧ ಗಂಟೆಯ ಹಿಂದೆ ವೇದಿಕೆಯ ಹಿಂದೆ ಬಂದಳು. ಜಗಳಕ್ಕಲ್ಲ, ಹೂ ಕೊಡಲು. ನಗುತ್ತಲೇ ಹೇಳಿದಳು: "ಟೀಚರ್, ನನ್ ಮಗ್ಳೂ ನನ್ ಥರಾನೇ, ಇದು ಡಿಕ್ಷನರೀಲಿ ಇಲ್ಲ ಅಂತ ಹಟ ಹಿಡಿದಿದ್ಲು. ಸುಮ್ನೆ ಒಣಗಿಸು ಅಂತ ಬರಿ, ಮಾರ್ಕ್ ಹೋಗುತ್ತೆ ಅಂತ ನಾನೇ ಬೈದು ಬರೆಸ್ದೆ."

ನಾನು ಅವಳನ್ನು ಏನು ಮಾಡಿಟ್ಟೆ?

ಅಧ್ಯಕ್ಷರೇ, ಅಂದು ಕಾಲೇಜಿಗೆ ಹೋದ ಹುಡುಗಿ ನೀವು. ತಪ್ಪು ನಿಮ್ಮದಲ್ಲ, ತಲೆ ತಗ್ಗಿಸಬೇಡಿ. ಆದರೆ ನಲವತ್ತೆಂಟು ಎಂದು ಹೊಂಬಣ್ಣದಲ್ಲಿ ಕೆತ್ತಿಸಿ ನೀವು ಕಾಣಿಕೆ ಕೊಡುತ್ತಿರುವ ಈ ಫಲಕವನ್ನು ನಾನು ಒಯ್ಯಲಾರೆ. ಮಕ್ಕಳೇ, ಪೆನ್ನು ತೆಗೆದು ಪಟ್ಟಿಯ ಕೊನೆಯ ಸಾಲನ್ನು ಹೊಡೆದುಹಾಕಿ.

ಶೂಲಾನ್, ಮೂರನೆಯ ಸಾಲಿನಲ್ಲಿ ಕೂತಿದ್ದೀಯೆ. ನಿನ್ನ ಉತ್ತರ ಸರಿಯಿತ್ತು. ಮಗಳ ಎದುರಿಗೇ ಹೇಳುತ್ತಿದ್ದೇನೆ, ಸರಿಯಿತ್ತು.

ಇಷ್ಟನ್ನು ಕೇಳಿಸಿಕೊಂಡ ನಿಮಗೆಲ್ಲ ವಂದನೆಗಳು. ನಮಸ್ಕಾರ.