ಸ್ಪ್ರಿಂಗಿನದೋ, ಗಾಳಿಯದೋ

ಪಶುವೈದ್ಯರ ಬಾಗಿಲಲ್ಲಿ ನನ್ನ ಪಕ್ಕ ಭಾವ-ಮೈದುನರಿಬ್ಬರು ಕೂತಿದ್ದರು. ಭಾವನ ಹೆಂಡತಿಯ ಮಡಿಲಲ್ಲಿ, ಟವೆಲ್ಲಿನೊಳಗೆ, ಬೆಕ್ಕು ನರಳುತ್ತಿತ್ತು.

"ಸ್ಪ್ರಿಂಗಿನ ಏರ್ ಗನ್ ಬೇಡ ಅಂದಿದ್ದೆ ಭಾವ. ಕತ್ತೆ ಥರ ಒದೆಯುತ್ತೆ, ಗುರಿ ತಪ್ಪುತ್ತೆ."

"ಇಲಿಗೇ ಗುರಿ ಇಟ್ಟಿದ್ದೆ ಕಣಯ್ಯ. ಇದ್ಯಾಕೆ ಅಡ್ಡ ಬರಬೇಕಿತ್ತು?"

"ಇಲಿ ಹಿಡಿಯೋಕೆ," ಎಂದರು ಆಕೆ, ತಲೆಯೆತ್ತದೆ.

ಮೈದುನ ಬಾಯಲ್ಲೇ 'ಟುಸ್' ಎಂದು ತೋರಿಸಿದ. "ಪಂಪಲ್ಲಿ ಮೊದಲೇ ಗಾಳಿ ತುಂಬಿಸಿಡೋ ಗನ್ನು ಇಷ್ಟೇ ಸದ್ದು ಮಾಡೋದು. ಕೈ ಅಲ್ಲಾಡಲ್ಲ, ಏಟೂ ಜೋರು."

"ಹಂಗಾದ್ರೆ ಅದನ್ನೇ ತರೋಣ ಬಿಡು."

"ತನ್ನಿ, ತನ್ನಿ. ಆಮೇಲೆ ಆಸ್ಪತ್ರೆಗೆ ಬರೋ ತೊಂದರೇನೂ ಇರಲ್ಲ," ಎಂದರು ಆಕೆ.

ಒಳಗಿಂದ ಕರೆದರು. ಭಾವ ಟವೆಲ್ಲಿಗೆ ಕೈಚಾಚಿದರು. ಆಕೆ ಅದನ್ನು ಎದೆಗವಚಿಕೊಂಡು ಎದ್ದರು.

"ಮುಟ್ಬೇಡಿ. ಹಿತ್ತಲಲ್ಲಿ ಇಷ್ಟು ವರ್ಷ ಇಲಿ ಹಿಡಿದಿದ್ದು ಇದೊಂದೇ. ನಿಮ್ಮ ಗನ್ನು ಇವತ್ತಿನವರೆಗೆ ಹೊಡೆದಿರೋದೂ ಇದೊಂದನ್ನೇ."