ಮಾಳವ್ವನ ಕೂಗು

ಕೂತ್ಕೊಳ್ಳಿ, ಕಾಲು ಚಾಚ್ಕೊಂಡೇ ಕೂತ್ಕೊಳ್ಳಿ. ಒಬ್ಬರಾದ್ರೂ ಹೂಂಗುಟ್ಟಬೇಕು, ಇಲ್ಲಾಂದ್ರೆ ಕತೆಗೇ ತೂಕಡಿಕೆ ಬರ್ತದೆ. ಒಂದು ಕಾಲದಲ್ಲಿ ಒಂದು ರಾಜ್ಯ ಇತ್ತು. ಯಾವ ರಾಜ್ಯ ಅಂತ ಕೇಳ್ಬೇಡಿ. ನೀವು ಅದರ ಹೆಸರು ಕೇಳಿದ್ರೆ ಅದು ನಿಮ್ಮ ಹೆಸರು ಕೇಳ್ತದೆ!

ಆ ರಾಜ್ಯದಲ್ಲಿ ದೊಡ್ಡದೊಂದು ಹುಲ್ಲುಗಾವಲು. ಅಲ್ಲಿ ಕುರಿ ಕಾಯೋ ಜನ. ಕಂಬಳಿ ಹಾಸಿದ್ದೇ ಅವರಿಗೆ ಮನೆ. ಆದ್ರೆ ಒಂದೊಂದು ಮನೆತನಕ್ಕೂ ಒಂದೊಂದು ಕೂಗು. ಇವರ ಕೂಗಿಗೆ ಅವರ ಕುರಿ ತಲೆ ಎತ್ತಿಯೂ ನೋಡ್ತಿರಲಿಲ್ಲ. ಅವರಲ್ಲಿ ಮಾಳವ್ವ ಅಂತ ಒಬ್ಬಳು. ಗಂಡ ತೀರಿಕೊಂಡಿದ್ದ, ಮಂದೆಯೇ ಅವಳಿಗೆ ಸಂಸಾರ. ಅವಳ ಕೂಗು ಹೆತ್ತವ್ವ ಕಲಿಸಿದ್ದು. "ಹುರ್ರ್ಯೋ... ಬಾ ಬಾ ಬಾ!" ಅಂತ ಶುರು, ಕೊನೇಲಿ ಒಂದು ಉದ್ದನೆ ಉಸಿರು. ಅಷ್ಟು ಕೇಳಿದ್ರೆ ಸಾಕು, ಬೆಳ್ಳಿ ಅನ್ನೋ ಕುರಿ ಗುಡ್ಡದಾಚೆಯಿಂದ ಓಡಿ ಬರ್ತಿತ್ತು, ಹಿಂದೆ ಮಂದೆಯೆಲ್ಲ. ಬಂದವಕ್ಕೆ ಮಾಳವ್ವ ಅಂಗೈ ಚಾಚಿ ಒಂದಿಷ್ಟು ಉಪ್ಪು ನೆಕ್ಕಿಸ್ತಿದ್ಳು. ಒಂದು ದಿನವೂ ತಪ್ಪಿಸಿದವಳಲ್ಲ.

ಕೇಳ್ತಿದ್ದೀರಾ? ಹಾಂ.

ಒಂದಿನ ರಾಜನ ಪಾರುಪತ್ಯಗಾರ ಬಂದ. ನಕ್ಕೊಂಡು ಬಂದ, ಅದೇ ನೋಡಿ ಮೊದಲು ಹೆದರಬೇಕಾದದ್ದು.

"ಮಳೆಗಾಲದಾಗೆ ನಿಮ್ಮ ಕುರಿ ಕಳೆದು ಹೋಗ್ತವೆ ಅಂತ ಮಹಾರಾಜ್ರಿಗೆ ಸಂಕಟ ಆಗೈತೆ. ನಿಮ್ಮ ಕೂಗು ನಮ್ಮೋರಿಗೆ ಕಲಿಸ್ಕೊಡಿ. ಎಲ್ಲೇ ಕಳೆದ್ರೂ ಕರೆದು ತಂದು ಬಿಡ್ತಾರೆ."

ಮಾಳವ್ವ ಅಂದ್ಳು, "ಕುರಿ ಕಂಡ್ರೆ ನನ್ನ ಕರೀರಪ್ಪ, ನಾನೇ ಬಂದು ಕೂಗ್ತೀನಿ. ಕೂಗು ಯಾಕೆ ಬೇಕು?"

ಹಟ್ಟಿಯ ಯಜಮಾನ ಕಾಟಯ್ಯ ಅವಳನ್ನ ಗದರಿಸಿದ. "ಸುಮ್ಕಿರವ್ವ! ರಾಜ್ರೇ ಬಾಗ್ಲಿಗೆ ಬಂದು ಕೇಳ್ತಾವ್ರೆ. ನಾವೇನು ಕಳ್ರಾ, ಬಚ್ಚಿಟ್ಕೊಳೋಕೆ?"

ಸರಿ, ಎಲ್ಲರೂ ಕಲಿಸಿದ್ರು. ಮಾಳವ್ವನೂ ಕಲಿಸಿದ್ಳು. ಕಲಿಸೋದು ಅಂದ್ಮೇಲೆ ಅರ್ಧಂಬರ್ಧ ಕಲಿಸೋ ಜನ ಅಲ್ಲ ಅವರು. ಕೂಗು ಕೆಟ್ಟರೆ ಅವರಿಗೆ ಹೊಟ್ಟೆ ಉರೀತದೆ. "ಹಂಗಲ್ಲ ಕಣಪ್ಪ, ಕೊನೇಲಿ ಉಸಿರು ಬಿಡು. ಇನ್ನೂ ಉದ್ದ. ಹಾಂ, ಈಗ ಬಂತು!" ಅಂತ ಕೂತು ತಿದ್ದಿ ಕಳಿಸಿದ್ಳು ಪುಣ್ಯಾತ್ಗಿತ್ತಿ. ಉಪ್ಪಿನ ಮಾತು ಮಾತ್ರ ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ.

ಆ ಮಳೆಗಾಲದಲ್ಲಿ ಕಳೆದು ಹೋದ ಕುರಿಗಳು ನಿಜವಾಗ್ಲೂ ವಾಪಸ್ ಬಂದ್ವು. ಸುಳ್ಳು ಯಾಕೆ ಹೇಳಲಿ? ಕಾಟಯ್ಯ ರಾಜನ ಹೆಸರು ಹೇಳಿ ಕಾಯಿ ಒಡೆದ.

ಆಮೇಲೆ ರಾಜನಿಗೆ ಕುದುರೆ ಹುಚ್ಚು ಹಿಡೀತು. ಕುದುರೆಗೆ ಹುಲ್ಲು ಬೇಕಲ್ಲ? ದಂಡು ಕಳಿಸಿ ಕುರಿಯೋರ ಹುಲ್ಲುಗಾವಲು ಕಿತ್ಕೊಳ್ಳೋಣ ಅಂದ. ಪಾರುಪತ್ಯಗಾರ ಹೇಳಿದ, "ದಂಡು ಯಾಕೆ ಬುದ್ಧೀ? ಕೂಗು ನಮ್ಮತ್ರಾನೇ ಐತೆ."

ಒಂದು ಬೆಳಿಗ್ಗೆ ರಾಜನ ಆಳುಗಳು ಕಲ್ಲಿನ ದೊಡ್ಡಿ ಬಾಗಿಲಲ್ಲಿ ನಿಂತು ಒಂದೊಂದೇ ಮನೆತನದ ಕೂಗು ಕೂಗಿದ್ರು. ಇತ್ತ ಮಾಳವ್ವ ಎದ್ದುಬಿದ್ದು ಓಡಿಬಂದು ತಾನೂ ಕೂಗಿದ್ಳು. ಅತ್ತಲೂ "ಹುರ್ರ್ಯೋ", ಇತ್ತಲೂ "ಹುರ್ರ್ಯೋ". ಬೆಳ್ಳಿ ನಡುವೆ ನಿಂತು ಅತ್ತ ನೋಡ್ತು, ಇತ್ತ ನೋಡ್ತು. ಕೊನೆಗೆ ಹತ್ತಿರದ ಕೂಗಿಗೇ ಹೋಯ್ತು, ಮಂದೆಯೆಲ್ಲ ಹಿಂದೆ ಹೋಯ್ತು. ದೊಡ್ಡಿ ಬಾಗಿಲು ಹಾಕಿದ್ರು.

"ಮೂಡಲ ಕಾವಲಿನ ಹುಲ್ಲೆಲ್ಲ ನಮಗೆ ಬಿಡಿ, ಕುರಿ ಬಿಡ್ತೀವಿ," ಅಂದ್ರು. ಬಿಟ್ಟುಕೊಟ್ರು, ಪಾಪ, ಮತ್ತೇನು ಮಾಡ್ತಾರೆ?

ಎರಡನೇ ಸಲ ಕೂಗಿದ್ರು. ಈ ಸಲ ಅರ್ಧ ಕುರಿ ಬಂದ್ವು, ಅರ್ಧ ಬರಲಿಲ್ಲ. ಆ ಅರ್ಧಕ್ಕೇ ಪಡುವಲ ಕಾವಲೂ ಹೋಯ್ತು. ಉಳಿದದ್ದು ಹಳ್ಳದ ದಂಡೆ ಒಂದೇ.

ಮೂರನೇ ಸಲ ಕೂಗಿದ್ರು. ಕುರಿಗಳು ಕಿವಿ ಎತ್ತಿದ್ವು. ಮತ್ತೆ ತಲೆ ತಗ್ಗಿಸಿ ಮೇಯ್ತಾ ನಿಂತ್ವು. ಆಳುಗಳು ಗಂಟಲು ಹರಿದುಕೊಂಡ್ರೂ ಒಂದು ಮರಿಯೂ ಅಲ್ಲಾಡಲಿಲ್ಲ. ಒಂದೆರಡು ಸಲ ಓಡಿ ಹೋಗಿ ನೋಡಿದ್ವಲ್ಲ, ಅಲ್ಲಿ ಉಪ್ಪೂ ಇಲ್ಲ, ಕೈಯೂ ಇಲ್ಲ, ಬರೀ ಕಲ್ಲು.

ಕಾಟಯ್ಯ ಕುಣಿದ. "ಗೆದ್ವಲ್ಲಮ್ಮೋ!"

ಮಾಳವ್ವ ಕುಣೀಲಿಲ್ಲ. ಸಂಜೆ ಮೋಡ ಕವಿದು ಗಾಳಿ ಎದ್ದಾಗ ಅವಳು ಕೂಗಿದ್ಳು. ಕುರಿಗಳು ಕಿವಿ ಎತ್ತಿದ್ವು. ಮತ್ತೆ ತಲೆ ತಗ್ಗಿಸಿದ್ವು. ಇನ್ನೊಮ್ಮೆ ಕೂಗಿದ್ಳು, ಮತ್ತೊಮ್ಮೆ ಕೂಗಿದ್ಳು. ಬೆಳ್ಳಿಯೂ ಬರಲಿಲ್ಲ. ಪೊದೆಯಲ್ಲಿ ತೋಳ ಕಾಯ್ತಿತ್ತು, ಬೆಳ್ಳಿಯ ಮರಿಯನ್ನ ಅವಳ ಕಣ್ಣೆದುರೇ ಎತ್ಕೊಂಡು ಹೋಯ್ತು.

ಕಾಟಯ್ಯನ ನಗು ನಿಂತು ಹೋಯ್ತು. ಮಾಳವ್ವ ನೆಲಕ್ಕೆ ಕೂತು ಅತ್ಳು. "ಹುಲ್ಲು ತಗೊಂಡ್ರು, ಹೋಗ್ಲಿ. ನಮ್ಮವ್ವನ ಕೂಗನ್ನ ಸುಳ್ಳು ಮಾಡ್ಬಿಟ್ರಲ್ಲೋ ಕಾಟಯ್ಯ!"

ಅತ್ತು ಮುಗಿದ ಮೇಲೆ ಎದ್ಳು. ಕೂಗಲಿಲ್ಲ. ಅಂಗೈಯಲ್ಲಿ ಉಪ್ಪು ಹಾಕ್ಕೊಂಡು ಒಂದೊಂದೇ ಕುರಿಯ ಹತ್ತಿರ ತಾನೇ ಹೋದ್ಳು. ಮೂಸಿದ್ವು, ಹಿಂದೆ ಸರಿದ್ವು. ಮಾರನೇ ದಿನವೂ ಹೋದ್ಳು. ಎಷ್ಟೋ ದಿನದ ಮೇಲೆ ಬೆಳ್ಳಿ ನೆಕ್ತು. ಆಮೇಲೆ ಅವಳು ಮುಂದೆ ನಡೆದ್ರೆ ಬೆಳ್ಳಿ ಹಿಂದೆ ನಡೀತು, ಬೆಳ್ಳಿ ಹಿಂದೆ ಮಂದೆ ನಡೀತು. ಕಾಟಯ್ಯನೂ ಅವಳನ್ನ ನೋಡಿ ಹಾಗೇ ಕಲಿತ, ಹಟ್ಟಿಯೆಲ್ಲ ಕಲೀತು. ಇನ್ನು ಕೂಗಿಗೆ ಬದಲು ದಂಡು ಬರ್ತದೆ ಅಂತ ಗೊತ್ತಾಗಿ, ಒಂದು ನಸುಕಿನಲ್ಲಿ ಸದ್ದಿಲ್ಲದೆ ಗಡಿ ದಾಟಿ ಹೋದ್ರು.

ಚಳಿಗಾಲ ಬಂತು. ಆ ರಾಜ್ಯದಲ್ಲಿ ಕಂಬಳಿ ಇಲ್ಲ. ಹೊಲದಲ್ಲಿ ರಾತ್ರಿ ಮಂದೆ ತರುಬಿ ನಿಲ್ಲಿಸೋರಿಲ್ಲ, ಗೊಬ್ಬರ ಇಲ್ಲ. ರಾಜ ಡಂಗುರ ಹೊಡೆಸಿದ, "ಬನ್ನಿ, ಕಾವಲು ವಾಪಸ್ ಕೊಡ್ತೀವಿ." ಯಾರೂ ಬರಲಿಲ್ಲ. ಕೊನೆಗೆ ಪಾರುಪತ್ಯಗಾರನೇ ಗಡಿ ದಾಟಿ ಹುಡುಕ್ಕೊಂಡು ಬಂದ. ಮಾಳವ್ವ ಉಣ್ಣೆ ಬಿಡಿಸ್ತಾ ಕೂತಿದ್ಳು.

"ಮಾಳವ್ವ, ಮಹಾರಾಜ್ರು ಕರೀತಾವ್ರೆ ಕಣವ್ವ. ಬಾ. ಈ ಸಲ ಒಳ್ಳೇದಕ್ಕೇ."

ಮಾಳವ್ವ ತಲೆ ಎತ್ತಿದ್ಳು.

"ಕೂಗೇನೋ ಚೆನ್ನಾಗೈತಪ್ಪ. ಎಲ್ಲಿ, ಕೈ ತೋರ್ಸು."

ಪಾರುಪತ್ಯಗಾರ ಅಂಗೈ ಚಾಚಿದ. ಬರಿಗೈ.

ಮಾಳವ್ವ ತಲೆ ತಗ್ಗಿಸಿ ಉಣ್ಣೆ ಬಿಡಿಸೋಕೆ ಶುರು ಮಾಡಿದ್ಳು.

ಕತೆ ಗಡಿ ದಾಟಿ ಹೋಯ್ತು, ನಾನು ಈಚೆಗೇ ಉಳಿದೆ. ಹೂಂ ಅಂದೋರು ಹುಷಾರಾಗಿ ಮನೆ ಸೇರ್ಕೊಳ್ಳಿ. ದಾರೀಲಿ ಯಾರಾದ್ರೂ ಪ್ರೀತಿಯಿಂದ ಕರೆದ್ರೆ, ಓಗೊಡೋಕೆ ಮುಂಚೆ ಕೈ ನೋಡಿ.