ಗಂಜಿಗೆ ಹಾಕಿದ ಉಪ್ಪು

ಹೇಳಿಕೆ ಕೊಡುವವರ ಹೆಸರು: ಕಲ್ಲವ್ವ, ಗಂಡ ಅಪ್ಪಾಸಾಹೇಬ ಕೋರವಾರ. ವಯಸ್ಸು: ನಲವತ್ತೇಳು. ಉದ್ಯೋಗ: ಜೋಳದ ರೊಟ್ಟಿ ಮಾಡಿ ಮೆಸ್ಸುಗಳಿಗೆ ಕೊಡುವುದು. ವಾಸ: ರೈಲ್ವೆ ಸ್ಟೇಷನ್ ಹಿಂದಿನ ಚಾಳು, ದೇಹೂ ರೋಡ್, ಪುಣೆ ಜಿಲ್ಲೆ. ಮೂಲ ಊರು: ಇಂಡಿ ತಾಲೂಕು, ವಿಜಯಪುರ ಜಿಲ್ಲೆ.

ಶಿವಾಜಿನಗರದ ಠಾಣೆಗೆ ನಾನಾಗಿಯೇ ಬಂದು, ಹವಾಲ್ದಾರ ಸಿದ್ದಾರೂಢ ಅವರ ಮುಂದೆ ಕುಳಿತು ಈ ಮೂಲಕ ತಿಳಿಸುವುದೇನೆಂದರೆ, ನನ್ನ ಗಂಡ ಅಪ್ಪಾಸಾಹೇಬ, ವಯಸ್ಸು ಐವತ್ತೆರಡು, ಹೃದಯದ ಆಪರೇಷನ್ ಆದ ಒಂಬತ್ತನೇ ದಿನ, ಅಂದರೆ ನಿನ್ನೆ ಗುರುವಾರ ಸಂಜೆ, ಆಸ್ಪತ್ರೆಯ ಹಾಸಿಗೆಯಿಂದ ಎದ್ದು ಹೋಗಿದ್ದಾರೆ. ಇನ್ನೂ ಸಿಕ್ಕಿಲ್ಲ. ಗಂಡನ ಹೆಸರು ಬಾಯಿಂದ ಹೇಳುವ ರೂಢಿ ನನಗಿಲ್ಲ. ಬರೆಸಲೇಬೇಕು ಎಂದಿದ್ದಕ್ಕೆ ಹೇಳಿದ್ದೇನೆ. ಇನ್ನು ಮುಂದೆ ನಮ್ಮ ಮನೆಯವರು ಎಂದೇ ಹೇಳುತ್ತೇನೆ, ಹಾಗೇ ಬರೆದುಕೊಳ್ಳಬೇಕು. ನನಗೆ ಮರಾಠಿ ಬರುತ್ತದೆ, ಇಪ್ಪತ್ತು ವರ್ಷ ಮರಾಠಿಯಲ್ಲೇ ವ್ಯಾಪಾರ ಮಾಡಿದ್ದೇನೆ. ಆದರೆ ನಿನ್ನೆಯಿಂದ ಬಾಯಿಗೆ ಕನ್ನಡ ಬಿಟ್ಟು ಬೇರೇನೂ ಬರುತ್ತಿಲ್ಲ. ಹವಾಲ್ದಾರರು ಗಡಿಯ ಜತ್ತದ ಕಡೆಯವರು, ಕನ್ನಡ ಬಲ್ಲವರು. ನಿಮ್ಮ ಮಾತಿನಾಗ ಹೇಳ್ರಿ ಅಕ್ಕಾ, ಮರಾಠಿ ನಾ ಮಾಡ್ಕೋತೀನಿ ಎಂದರು. ಅದಕ್ಕೆ ಕನ್ನಡದಲ್ಲಿ ಹೇಳುತ್ತಿದ್ದೇನೆ.

ನಾಲ್ಕು ವರ್ಷದ ಕೆಳಗೆ ನಾವು ರಾಂಜಣಗಾಂವದಲ್ಲಿದ್ದೆವು. ನಮ್ಮ ಮನೆಯವರು ಅಲ್ಲಿನ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಗುಮಾಸ್ತರಾಗಿದ್ದರು. ಆ ಶ್ರಾವಣದಲ್ಲಿ ನನಗೆ ಗರ್ಭಕೋಶ ತೆಗೆಯುವ ಆಪರೇಷನ್ ಆಯಿತು. ರಕ್ತ ನಿಲ್ಲಲಿಲ್ಲ. ಡಾಕ್ಟರು ಕೈ ಚೆಲ್ಲಿದ್ದರಂತೆ. ನಮ್ಮ ಮನೆಯವರು ಚಪ್ಪಲಿಯನ್ನು ಆಸ್ಪತ್ರೆಯಲ್ಲೇ ಬಿಟ್ಟು ರಾಂಜಣಗಾಂವದ ಗಣಪತಿಯ ಗುಡಿಗೆ ಬರಿಗಾಲಲ್ಲಿ ಹೋಗಿ, ಕಲ್ಲವ್ವನ ಜೀವ ಉಳಿಸು, ನಾನು ಸಾಯುವತನಕ ಉಪ್ಪು ಮುಟ್ಟುವುದಿಲ್ಲ ಎಂದು ಹರಕೆ ಹೊತ್ತರು. ನಾನು ಉಳಿದೆ. ಅಂದಿನಿಂದ ಅವರು ಉಪ್ಪು ಬಿಟ್ಟಿದ್ದಾರೆ. ಅವರಿಗೆ ಬೇರೆ ಪಾತ್ರೆ, ಬೇರೆ ಸಾರು. ಮೊದಮೊದಲು ಸಪ್ಪನೆ ರೊಟ್ಟಿ, ಸಪ್ಪನೆ ಪಲ್ಯ ನೋಡಿ ನನಗೇ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಅವರು ಮಾತ್ರ, ನಿನಗ ಭಾಳ ರುಚಿ ಬೇಕಾಗೇತಿ, ನನಗ ನೀ ಇದ್ರ ಸಾಕು ಎಂದು ಚೇಷ್ಟೆ ಮಾಡುತ್ತಿದ್ದರು.

ಹವಾಲ್ದಾರರು ಇಲ್ಲಿ ಬರವಣಿಗೆ ನಿಲ್ಲಿಸಿ, ಇಷ್ಟು ಹಿಂದಿನದು ಬೇಕಾ ಅಕ್ಕಾ ಎಂದು ಕೇಳಿದರು. ಬೇಕು, ಇದನ್ನು ಬಿಟ್ಟರೆ ಅವರು ಎಲ್ಲಿಗೆ ಹೋದರೆಂದು ನಿಮಗೆ ತಿಳಿಯುವುದೇ ಇಲ್ಲ ಎಂದು ಹೇಳಿದ್ದೇನೆ.

ಎರಡು ವರ್ಷದ ಕೆಳಗೆ ನಾವು ದೇಹೂ ರೋಡಿಗೆ ಬಂದೆವು. ನಮ್ಮ ಮನೆಯವರು ಸಗಟು ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆಯಲು ನಿಂತರು. ಅದೇ ವರ್ಷ ಇನ್ಶೂರೆನ್ಸ್ ಏಜೆಂಟ ಋಷಿಕೇಶ ಎಂಬುವರು ಅಂಗಡಿಗೆ ಬಂದು ಆಸ್ಪತ್ರೆ ಖರ್ಚಿನ ಪಾಲಿಸಿ ಮಾಡಿಸಿದರು. ರೋಗ ಏನಾದರೂ ಇದೆಯೇ ಎಂದು ಕೇಳಿದರು. ಇಲ್ಲ ಎಂದೆವು. ಇರಲಿಲ್ಲ, ಅದಕ್ಕೆ ಇಲ್ಲ ಎಂದೆವು. ಕಂತು ಒಂದೂ ತಪ್ಪಿಸಿಲ್ಲ.

ಈ ತಿಂಗಳ ಒಂದನೇ ತಾರೀಕು ಶನಿವಾರ ಬೆಳಿಗ್ಗೆ ಅಂಗಡಿಯಲ್ಲಿ ಅವರಿಗೆ ಎದೆ ನೋವು ಬಂತು. ಮೈದುನ ಮಾಂತು ರಿಕ್ಷಾ ತಂದು ಶಿವಾಜಿನಗರದ ಈ ಆಸ್ಪತ್ರೆಗೆ ಸೇರಿಸಿದ. ಮೂರು ನಾಳ ಕಟ್ಟಿವೆ, ಬೈಪಾಸ್ ಮಾಡಬೇಕು ಎಂದರು. ಭರ್ತಿ ಮಾಡುವಾಗ ಸಣ್ಣ ವಯಸ್ಸಿನ ಡಾಕ್ಟರೊಬ್ಬರು ಮರಾಠಿಯಲ್ಲಿ ಪ್ರಶ್ನೆ ಕೇಳಿ ಬರೆದುಕೊಂಡರು. ಬಿ.ಪಿ. ಇದೆಯೇ, ಮಧುಮೇಹ ಇದೆಯೇ, ಬೀಡಿ ಸಿಗರೇಟು ಇದೆಯೇ ಎಂದರು. ಏನೂ ಇಲ್ಲ ಎಂದೆ. ಊಟ ಹೇಗೆ ಎಂದರು. ನಾಲ್ಕು ವರ್ಷದಿಂದ ಒಂದು ಹರಳು ಉಪ್ಪೂ ಮುಟ್ಟಿಲ್ಲ ಸಾಹೇಬರೇ ಎಂದೆ. ಹೆಮ್ಮೆಯಿಂದಲೇ ಹೇಳಿದೆ. ಇಂಥ ಗಂಡ ಯಾರಿಗಿದ್ದಾನೆ? ದೇವರಿಗೆ ಬಿಟ್ಟಿದ್ದಾರೆ ಎಂದೂ ಹೇಳಿದೆ. ಅವರು ತಲೆ ಎತ್ತದೆ ಬರೆಯುತ್ತಲೇ ಇದ್ದರು.

ಇನ್ಶೂರೆನ್ಸ್ ಕಂಪನಿಯವರು ಮೊದಲು ಒಪ್ಪಿದ್ದರು. ಕ್ಯಾಶ್‌ಲೆಸ್ ಆಗಿದೆ, ಕಂಪನಿಯೇ ಆಸ್ಪತ್ರೆಗೆ ನೇರ ಹಣ ಕೊಡುತ್ತದೆ ಎಂದು ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನಲ್ಲಿ ಹೇಳಿದರು. ನಾಲ್ಕನೇ ತಾರೀಕು ಆಪರೇಷನ್ ಆಯಿತು. ಎದೆ ಸೀಳಿ, ಎಡಗಾಲಿನ ನರ ತೆಗೆದು ಹಾಕಿದರು. ಮೂರು ದಿನದ ಮೇಲೆ ದೊಡ್ಡ ಡಾಕ್ಟರು ಬಂದು, ಇನ್ನು ಮೇಲೆ ಊಟದಲ್ಲಿ ಉಪ್ಪು ಕಡಿಮೆ ಮಾಡಬೇಕು ಎಂದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡು ನಕ್ಕೆವು. ನಕ್ಕರೆ ಹೊಲಿಗೆ ಎಳೆಯುತ್ತದೆ ಎಂದು ಅವರು ದಿಂಬನ್ನು ಎದೆಗೆ ಅವಚಿಕೊಂಡು ನಕ್ಕರು. ಕೆಮ್ಮು ಬಂದರೂ, ಎದ್ದು ನಿಂತರೂ ದಿಂಬು ಅವಚಿಕೊಳ್ಳಬೇಕೆಂದು ನರ್ಸು ಕಲಿಸಿದ್ದರು.

ಹತ್ತನೇ ತಾರೀಕು ಸೋಮವಾರ ಮನೆಗೆ ಕಳಿಸಬೇಕಾಗಿತ್ತು. ನಾನು ಬಟ್ಟೆ ಗಂಟು ಕಟ್ಟಿ ಕುಳಿತಿದ್ದೆ. ಇನ್ಶೂರೆನ್ಸ್ ಕೌಂಟರಿನ ಶಾಲಿನಿ ಎಂಬ ಹುಡುಗಿ ನನ್ನನ್ನು ಕೆಳಗೆ ಕರೆಸಿದಳು. ಅವಳು ಮೈಸೂರು ಕಡೆಯವಳು. ಅಮ್ಮ, ನಿಮ್ಮ ಕ್ಲೇಮ್ ರಿಜೆಕ್ಟ್ ಆಗಿದೆ ಎಂದಳು. ಅವರಿಗೆ ನಾಲ್ಕು ವರ್ಷದಿಂದ ಬಿ.ಪಿ. ಇದೆ, ಮಾತ್ರೆ ಇಲ್ಲದೆ ಉಪ್ಪು ಬಿಟ್ಟು ಹಿಡಿತದಲ್ಲಿ ಇಟ್ಟುಕೊಂಡಿದ್ದಾರೆ ಎಂದು ಭರ್ತಿಯ ಕಾಗದದಲ್ಲಿ ಇದೆಯಂತೆ. ಪಾಲಿಸಿ ಎರಡು ವರ್ಷದ್ದು, ರೋಗ ನಾಲ್ಕು ವರ್ಷದ್ದು, ಮುಚ್ಚಿಟ್ಟು ಪಾಲಿಸಿ ಮಾಡಿಸಿದ್ದೀರಿ ಎಂದು ಕಂಪನಿಯವರು ಬರೆದಿದ್ದಾರಂತೆ. ಯಾವ ಬಿ.ಪಿ.? ಅವರ ತೋಳಿಗೆ ಆ ಪಟ್ಟಿ ಕಟ್ಟಿದ್ದೇ ಈ ಆಸ್ಪತ್ರೆಯಲ್ಲಿ ಮೊದಲ ಸಲ! ನನ್ನ ಜೀವಕ್ಕಾಗಿ ಹೊತ್ತ ಹರಕೆ ಅವರ ಕುತ್ತಿಗೆಗೆ ಬಂತು. ಭರ್ತಿ ಮಾಡುವ ದಿನ ಆ ಸಣ್ಣ ಡಾಕ್ಟರ ಮುಂದೆ ನಾನು ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಆಗುತ್ತಿತ್ತು.

ಬಿಲ್ಲು ನಾಲ್ಕೂವರೆ ಲಕ್ಷದ ಮೇಲೆ ಇತ್ತು. ನನ್ನ ಕೊರಳಿನ ಚಿನ್ನದ ಬೋರಮಾಳ ಮಾರಿ, ಕಿರಾಣಿ ಅಂಗಡಿಯ ಶೇಠರ ಕಾಲು ಹಿಡಿದು, ಮಾಂತುವಿನ ಬೈಕ್ ಒತ್ತೆ ಇಟ್ಟರೂ ಕಾಲು ಭಾಗ ಆಗಲಿಲ್ಲ. ಉಳಿದದ್ದು ಕಟ್ಟುವವರೆಗೆ ಬಿಡುಗಡೆ ಕಾಗದ ಕೊಡುವುದಿಲ್ಲ ಎಂದು ಆಸ್ಪತ್ರೆಯ ಮ್ಯಾನೇಜರ್ ಹೇಳಿದರು. ಇದ್ದಷ್ಟು ದಿನ ಹಾಸಿಗೆಯ ಬಾಡಿಗೆ ಏರುತ್ತಲೇ ಇತ್ತು. ಹೋಗಲೂ ಬಿಡುವುದಿಲ್ಲ, ಇದ್ದರೂ ಸುಮ್ಮನಿರುವುದಿಲ್ಲ, ಇದು ಯಾವ ಸೀಮೆಯ ನ್ಯಾಯ ಎಂದು ನಾನು ಕೂಗಾಡಿದ್ದು ನಿಜ. ಮ್ಯಾನೇಜರ್ ಹಾಗೆ ದೂರು ಕೊಟ್ಟಿದ್ದರೆ ಅದು ಸುಳ್ಳಲ್ಲ.

ಹನ್ನೆರಡನೇ ತಾರೀಕು ಶಾಲಿನಿ ಕಂಪನಿಯ ಅಧಿಕಾರಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟಳು. ನಾನು ಹರಕೆಯ ವಿಷಯ ಇದ್ದದ್ದು ಇದ್ದಂತೆ ಹೇಳಿದೆ. ಅವರು ನಕ್ಕರು. ಈ ಕಾಲದಲ್ಲಿ ಹೆಂಡತಿಗಾಗಿ ನಾಲ್ಕು ವರ್ಷ ಉಪ್ಪು ಬಿಡುವವರು ಯಾರಿದ್ದಾರೆ ಎಂದರು. ರೋಗಿಯೇ, ನಾನು ಎಲ್ಲರಂತೆ ಉಪ್ಪು ಹಾಕಿದ ಊಟವನ್ನೇ ಮಾಡುತ್ತೇನೆ, ನನ್ನ ಹೆಂಡತಿ ಗಾಬರಿಯಲ್ಲಿ ಏನೋ ಹೇಳಿದ್ದಾಳೆ ಎಂದು ಬರೆದು ಸಹಿ ಮಾಡಿದರೆ ಮತ್ತೆ ನೋಡುತ್ತೇವೆ ಎಂದರು. ಫೋನ್ ಇಟ್ಟ ಮೇಲೆ ಶಾಲಿನಿ ನೆಲ ನೋಡುತ್ತಾ, ಅಮ್ಮ, ನಿಜ ಹೇಳಿದ್ರೆ ಅವರು ನಂಬಲ್ಲ, ಹಾಗೇ ಬರೆಸಿಬಿಡಿ ಎಂದು, ಬರೆಯಬೇಕಾದ ಮಾತನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಳು.

ನಾನು ಬಂದು ನಮ್ಮ ಮನೆಯವರಿಗೆ ಹೇಳಿದೆ. ಅವರು ಒಪ್ಪಲಿಲ್ಲ. ಹುಚ್ಚಿ ಅದಿಯೇನು, ಉಪ್ಪು ತಿಂತೀನಿ ಅಂತ ನನ್ನ ಕೈಯಿಂದ ಹೆಂಗ ಬರೀಲಿ, ನಿನ್ನ ಜೀವದ ಮ್ಯಾಲೆ ಬಿಟ್ಟದ್ದದು ಎಂದರು. ನನ್ನ ಜೀವ ತೊಗೊಂಡು ಉಪ್ಪಿನಕಾಯಿ ಹಾಕ್ತೀರೇನು, ಬೀದಿಗೆ ಬಂದೀವಿ ಎಂದು ನಾನು ಬೈದೆ. ಪಕ್ಕದ ಹಾಸಿಗೆಯವರೂ ಕೇಳಿದ್ದಾರೆ. ನಮ್ಮ ಮನೆಯವರು ಗೋಡೆಯ ಕಡೆ ತಿರುಗಿ ಮಲಗಿದರು.

ನಿನ್ನೆ ಹದಿಮೂರನೇ ತಾರೀಕು, ಮಧ್ಯಾಹ್ನ ನಾಲ್ಕರ ಸುಮಾರಿಗೆ ಅವರಿಗೆ ಗಂಜಿ ಬಂತು. ನಾನು ಕ್ಯಾಂಟೀನಿನಿಂದ ಉಪ್ಪಿನ ಪುಟ್ಟ ಪೊಟ್ಟಣ ತಂದಿಟ್ಟುಕೊಂಡಿದ್ದೆ. ಅವರು ಮುಖ ತೊಳೆಯಲು ಹೋದಾಗ ಗಂಜಿಗೆ ಹಾಕಿ ಕಲಸಿದೆ. ಒಮ್ಮೆ ತಿಂದುಬಿಟ್ಟರೆ ಬರೆದದ್ದು ಸುಳ್ಳಾಗುವುದಿಲ್ಲವಲ್ಲ, ಪಾಪ ಬಂದರೆ ಹಾಕಿದವಳಿಗೆ ಬರಲಿ ಎಂದು ನನ್ನ ಲೆಕ್ಕ. ನಾನು ಬುದ್ಧಿ ಕೆಟ್ಟು ಮಾಡಿದ್ದಲ್ಲ, ಯೋಚನೆ ಮಾಡಿಯೇ ಮಾಡಿದ್ದು. ಬೇರೆ ದಾರಿ ನನಗೆ ಕಾಣಲಿಲ್ಲ.

ಅವರು ಬಂದು ಕುಳಿತು ಒಂದು ಚಮಚ ಬಾಯಿಗೆ ಇಟ್ಟರು. ನುಂಗಿದರು. ಎರಡನೆಯದನ್ನು ಎತ್ತಲಿಲ್ಲ. ನನ್ನ ಮುಖ ನೋಡಿದರು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ನನ್ನ ಕೈ ಹಿಡಿದು, ಕಲ್ಲವ್ವಾ, ಎದಿ ಹೊಡಕೊಳ್ಳಾಕ ಹತ್ತೇತೇನು, ಕಣ್ಣು ಕತ್ತಲಿ ಬರ್ತೇತೇನು ಎಂದು ಕೇಳಿದರು. ಹವಾಲ್ದಾರರೇ, ಎದೆ ಸೀಳಿದ್ದು ಅವರಿಗೆ, ಕೇಳಿದ್ದು ನನಗೆ. ನನಗೇನೂ ಆಗಿಲ್ಲ, ಸಹಿ ಮಾಡ್ರಿ ಎಂದೆ. ಅವರು ಕಾಗದ ತೆಗೆದುಕೊಂಡು ಶಾಲಿನಿ ಬರೆದುಕೊಟ್ಟಿದ್ದನ್ನೇ ಮುತ್ತಿನಂಥ ಅಕ್ಷರದಲ್ಲಿ ಎತ್ತಿ ಬರೆದು ಸಹಿ ಮಾಡಿದರು. ಲಗೂನ ಹೋಗಿ ಕೊಟ್ಟು ಬಾ, ಕೌಂಟರ್ ಮುಚ್ಚೀತು ಎಂದರು. ನನಗೆ ಜೀವ ಬಂದಂತಾಯಿತು. ಮೆಟ್ಟಿಲಿಳಿದು ಓಡಿದೆ.

ಕೌಂಟರಿನಲ್ಲಿ ಕಾಗದ ಕೊಟ್ಟು, ಅದು ಕಂಪನಿಗೆ ಹೋದದ್ದನ್ನು ಕಣ್ಣಾರೆ ನೋಡಿ ಬರಲು ಅರ್ಧ ಗಂಟೆ ಹಿಡಿಯಿತು. ಮೇಲೆ ಬಂದಾಗ ಹಾಸಿಗೆ ಖಾಲಿ ಇತ್ತು. ಬಚ್ಚಲಿನಲ್ಲಿ ಇಲ್ಲ, ಪಡಸಾಲೆಯಲ್ಲಿ ಇಲ್ಲ. ಗಂಜಿ ಹಾಗೇ ಇತ್ತು. ಚಪ್ಪಲಿ ಮಂಚದ ಕೆಳಗೆ ಜೋಡಿಸಿ ಇಟ್ಟಿತ್ತು. ಚಪ್ಪಲಿ ನೋಡಿದ ಕೂಡಲೇ ನನಗೆ ತಿಳಿಯಿತು. ಅವರು ಬರಿಗಾಲಲ್ಲಿ ಹೋಗುವುದು ದೇವರ ಹತ್ತಿರ ಮಾತ್ರ. ರಾಂಜಣಗಾಂವಕ್ಕೆ ಹೋಗಿದ್ದಾರೆ. ಉಪ್ಪು ಹೊಟ್ಟೆಗೆ ಹೋಯಿತಲ್ಲ, ಕಲ್ಲವ್ವನ ಜೀವ ತೆಗೆಯಬೇಡ ಎಂದು ಕೇಳಿಕೊಳ್ಳಲು ಹೋಗಿದ್ದಾರೆ.

ಆಸ್ಪತ್ರೆಯ ಕ್ಯಾಮೆರಾದಲ್ಲಿ, ನಾಲ್ಕೂ ಐವತ್ತಕ್ಕೆ, ರೋಗಿಗಳನ್ನು ನೋಡಲು ಬಂದ ಜನರ ನಡುವೆ ಅವರು ಗೇಟು ದಾಟಿದ್ದು ಇದೆ. ಎದೆಗೆ ದಿಂಬು ಅವಚಿಕೊಂಡಿದ್ದಾರೆ. ಯಾರೂ ತಡೆದಿಲ್ಲ. ಅದನ್ನು ನೋಡಿ ಮ್ಯಾನೇಜರ್, ಬಿಲ್ಲು ತಪ್ಪಿಸಲು ಗಂಡ ಹೆಂಡತಿ ಸೇರಿ ಆಡಿದ ನಾಟಕ ಇದು, ನಮ್ಮ ದಿಂಬನ್ನೂ ಒಯ್ದಿದ್ದಾರೆ ಎಂದರು. ದಿಂಬಿನ ದುಡ್ಡನ್ನೂ ಬಿಲ್ಲಿಗೆ ಹಚ್ಚಿಕೊಳ್ಳಿ, ಬಿಲ್ಲು ತಪ್ಪಿಸುವವಳು ಕಾಲಲ್ಲಿ ನಡೆದು ಪೊಲೀಸರ ಹತ್ತಿರ ಹೋಗುತ್ತಾಳೇನು ಎಂದು ಕೇಳಿ ನಾನು ಹೊರಗೆ ಬಂದೆ.

ಬಸ್ ಸ್ಟ್ಯಾಂಡಿನಲ್ಲಿ ಹುಡುಕಿದೆ. ಚಹಾ ಮಾರುವ ಸಕ್ಕುಬಾಯಿ ಎಂಬ ಮುದುಕಿ ನೋಡಿದ್ದಾಳೆ. ದಿಂಬು ಹಿಡಿದವರೊಬ್ಬರು ರಾಂಜಣಗಾಂವದ ರಸ್ತೆ ಯಾವ ಕಡೆ ಎಂದು ಕೇಳಿದರಂತೆ. ಬಸ್ಸು ನಿಂತಿದೆ, ಹತ್ತಿರಿ ಎಂದು ಅವಳು ಹೇಳಿದಳಂತೆ. ಬಸ್ಸಿನಲ್ಲಿ ಹೋದರೆ ದೇವರು ಒಪ್ಪುವುದಿಲ್ಲ ಎಂದರಂತೆ. ಚಹಾ ಕೊಟ್ಟರೆ ಅದನ್ನೂ ಮುಟ್ಟಲಿಲ್ಲವಂತೆ. ಇಲ್ಲಿಂದ ರಾಂಜಣಗಾಂವ ಐವತ್ತು ಕಿಲೋಮೀಟರು. ವಾರ್ಡಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆಯಲು ಅವರಿಗೆ ನನ್ನ ಹೆಗಲು ಬೇಕಾಗುತ್ತಿತ್ತು.

ಇಂದು ಬೆಳಿಗ್ಗೆ ಮಾಂತು ರಾಂಜಣಗಾಂವಕ್ಕೆ ಹೋಗಿ ಗುಡಿಯಲ್ಲಿ ಕೇಳಿದ್ದಾನೆ. ಬಂದಿಲ್ಲ. ಅಂದರೆ ದಾರಿಯಲ್ಲಿ ಎಲ್ಲೋ ಇದ್ದಾರೆ. ಹತ್ತೂವರೆಗೆ ಶಾಲಿನಿ ಫೋನ್ ಮಾಡಿ, ಕಂಪನಿಯವರು ಮತ್ತೆ ಫೈಲ್ ತೆಗೆದಿದ್ದಾರೆ, ರೋಗಿಯನ್ನು ಕಣ್ಣಿಂದ ನೋಡಿ ಕೇಳಲು ನಾಳೆ ಒಬ್ಬರು ಹಾಸಿಗೆಯ ಹತ್ತಿರ ಬರುತ್ತಾರೆ ಎಂದಳು. ಬರಲಿ. ಖಾಲಿ ಹಾಸಿಗೆಗೆ ಏನು ಬೇಕೋ ಕೇಳಿಕೊಂಡು ಹೋಗಲಿ. ನನಗೆ ಈಗ ಅವರ ಹಣ ಬೇಡ, ನನ್ನ ಮನುಷ್ಯ ಬೇಕು.

ಗುರುತು: ಎತ್ತರ ಐದು ಅಡಿ ಆರು ಅಂಗುಲ, ಎಣ್ಣೆಗಪ್ಪು ಬಣ್ಣ, ನರೆತ ಮೀಸೆ. ಆಸ್ಪತ್ರೆಯ ನೀಲಿ ಪೈಜಾಮಾ, ಮೇಲೆ ಕಂದು ಸ್ವೆಟರು. ಎದೆಯ ಮೇಲೆ ಹೊಲಿಗೆ, ಎಡಗಾಲಿಗೆ ಬ್ಯಾಂಡೇಜು, ಬರಿಗಾಲು, ಕೈಯಲ್ಲಿ ಬಿಳಿ ದಿಂಬು. ಪಾಕೀಟು, ಮೊಬೈಲು ಎರಡೂ ನನ್ನ ಹತ್ತಿರ ಇವೆ. ನಿನ್ನೆ ಸಂಜೆಯಿಂದ ಮಾತ್ರೆ ತೆಗೆದುಕೊಂಡಿಲ್ಲ. ರಾಂಜಣಗಾಂವಕ್ಕೆ ಹೋಗುವ ನಗರ ರಸ್ತೆಯಲ್ಲಿ, ಎಡಬದಿಗೆ, ನೆರಳಿದ್ದ ಕಡೆ ಹುಡುಕಬೇಕು.

ಹುಡುಕಲು ಹೋಗುವವರಿಗೆ ನನ್ನ ಒಂದೇ ಕೋರಿಕೆ. ಸಿಕ್ಕರೆ ಎಳೆಯಬೇಡಿ, ಬೈಯಬೇಡಿ, ಆಂಬುಲೆನ್ಸ್ ಹತ್ತು ಎಂದರೆ ಹತ್ತುವುದಿಲ್ಲ. ನನಗೆ ಏನೋ ಆಗಿದೆ ಎಂದೇ ತಿಳಿದುಕೊಂಡಿದ್ದಾರೆ. ಮೊದಲು ನನಗೆ ಫೋನ್ ಹಚ್ಚಿ, ಫೋನನ್ನು ಅವರ ಕಿವಿಗೆ ಹಿಡಿಯಬೇಕು. ನಾನು ಬೈಯುತ್ತೇನೆ. ಮನಸಾರೆ ಬೈಯುತ್ತೇನೆ. ಆ ಬೈಗುಳ ಕೇಳಿದರೆ ಕಲ್ಲವ್ವ ಬದುಕಿದ್ದಾಳೆ ಎಂದು ಅವರಿಗೆ ನಂಬಿಕೆ ಬರುತ್ತದೆ. ಆಮೇಲೆ ತಾವಾಗಿಯೇ ಹತ್ತುತ್ತಾರೆ.

ಇಷ್ಟನ್ನೂ ಹವಾಲ್ದಾರರು ನನಗೆ ಓದಿ ಕೇಳಿಸಿದ್ದಾರೆ. ನಾನು ಹೇಳಿದ್ದೇ ಬರೆದಿದೆ, ಕೂಡಿಸಿದ್ದಿಲ್ಲ, ಬಿಟ್ಟಿದ್ದಿಲ್ಲ, ಎಲ್ಲವೂ ನಿಜ. ನಮ್ಮ ಮನೆಯವರು ನಿನ್ನೆ ಬರೆದುಕೊಟ್ಟದ್ದು ಮಾತ್ರ ಸುಳ್ಳು. ಅದನ್ನು ನಾನು ಬರೆಸಿದ್ದು.

ಸ್ಥಳ: ಶಿವಾಜಿನಗರ, ಪುಣೆ
ದಿನಾಂಕ: ೧೪-೧೧-೨೦೨೫, ಶುಕ್ರವಾರ
ಸಹಿ: ಕಲ್ಲವ್ವ ಅಪ್ಪಾಸಾಹೇಬ ಕೋರವಾರ